ಶರಾವತಿಯ ಕೊಳ್ಳದಲ್ಲಿ

ಮಳೆ ಕೈಕೊಟ್ಟ ವರ್ಷಗಳಲ್ಲಿ, ವೈಶಾಖದ ಬಿಸಿಲು ಏರಿದ ದಿನಗಳಲ್ಲಿ, ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಜಲಾಶಯದ ನಡುವೆ ಅಪೂರ್ವವಾದ ನೋಟವೊಂದು ಕಾಣಸಿಗುತ್ತದೆ. ದಿನದಿಂದ ದಿನಕ್ಕೆ ನೀರು ಇಳಿದಂತೆಲ್ಲ ಮೊದಲು ಮರದ ಬೊಡ್ಡೆಗಳು ಕಪ್ಪಗೆ ತಲೆಯೆತ್ತುತ್ತವೆ. ಅನಂತರ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿದ್ದ ಹಳೆಯ ಹಾದಿಗಳ ಗುರುತು ಮೂಡುತ್ತದೆ. ಕಟ್ಟಕಡೆಗೆ ಉದ್ದನೆಯ ಕಲ್ಲುಗೋಡೆಯೊಂದು, ತನ್ನ ಬದಿಗೆ ಸಾಲಾಗಿ ನಿಂತ ದುಂಡನೆಯ ಕಟ್ಟಡಗಳೊಡನೆ, ನೀರಿನಿಂದ ಮೇಲೇಳುತ್ತದೆ. ಅರಿಯದವರು ಅದನ್ನು ಯಾವನೋ ಪಾಳೆಯಗಾರನ ಕೋಟೆಯೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಅದು ಅಣೆಕಟ್ಟು; ಒಂದು ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋದ ಇನ್ನೊಂದು ಅಣೆಕಟ್ಟು.

ಹಿರೇಭಾಸ್ಕರವೆಂಬ ಹೆಸರಿನ ಈ ಕಟ್ಟೆಯನ್ನು ಮಡೆನೂರು ಅಣೆಕಟ್ಟೆಂದೂ ಕರೆಯುವರು. ಜೋಗದ ವಿದ್ಯುದಾಗಾರಕ್ಕೆ ಬೇಸಗೆಯಲ್ಲಿಯೂ ನೀರು ಒದಗಬೇಕೆಂದು ಮೈಸೂರು ಸಂಸ್ಥಾನದ ಎಂಜಿನಿಯರರು ಇದನ್ನು ಕಟ್ಟಿದರು. 1948ರಲ್ಲಿ ಕೆಲಸ ಪೂರೈಸಿತು. ಆ ದುಂಡನೆಯ ಕಟ್ಟಡಗಳು ಗಣೇಶ ಅಯ್ಯರ್ ಎಂಬ ಎಂಜಿನಿಯರರ ಕಲ್ಪನೆಯ ಸೈಫನ್ನುಗಳು. ಬಾವಿಯಂತೆ ನೆಟ್ಟಗೆ ಇಳಿಯುವ ಕೊಳವೆ, ಅದರ ಬಾಯಿಗೆ ಆಲಿಕೆಯಂಥ ಅಂಚು, ಅಂಚಿನ ಒಳಮೈಯಲ್ಲಿ ಶಂಖದ ಸುರುಳಿಯಂತೆ ತಿರುಗಿದ ಹಲಗೆಗಳು, ಮೇಲೊಂದು ಗುಮ್ಮಟ. ನೀರು ಅಂಚನ್ನು ಮೀರಿ ಒಳಗೆ ಬಿದ್ದೊಡನೆ ಸುಳಿಸುಳಿಯಾಗಿ ತಿರುಗಿ ಒಳಗಿನ ಗಾಳಿಯನ್ನು ಹೊರಕ್ಕೆ ಎಳೆದುಕೊಂಡು ಹೋಗುತ್ತದೆ. ಗಾಳಿ ಹೋದ ಕೊಳವೆ ಜಲಾಶಯದ ನೀರನ್ನು ತಾನಾಗಿಯೇ ಹೀರಿ ಹೊರಚೆಲ್ಲುತ್ತದೆ. ನೀರು ಇಳಿದಾಗ ಗಾಳಿ ಮತ್ತೆ ಒಳಹೊಕ್ಕು ಹರಿವು ನಿಲ್ಲುತ್ತದೆ. ನಡುರಾತ್ರಿ ಹೊಳೆ ಏರಿದರೂ ಬಾಗಿಲೆತ್ತಲು ಮನುಷ್ಯನೊಬ್ಬ ಮಳೆಯಲ್ಲಿ ಓಡಿಬರಬೇಕಾಗಿಲ್ಲ. ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ ಈ ಸೈಫನ್ನಿಗೆ ಇಂದಿಗೂ ಅಯ್ಯರರ ಹೆಸರೇ ಉಳಿದಿದೆ. ಹದಿನಾರೇ ವರ್ಷ ದುಡಿದು, 1964ರಲ್ಲಿ ಲಿಂಗನಮಕ್ಕಿಯ ನೀರು ಏರಿದಾಗ, ಈ ಜಾಣ್ಮೆಯ ಕಟ್ಟೆ ಜಲಸಮಾಧಿಯಾಯಿತು.

ಶರಾವತಿಯ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಆದರೆ ಬಹುಮಂದಿಗೆ ಶರಾವತಿಯೆಂದರೆ ಜೋಗ. ಜೋಗವೆಂದರೆ ನಾಲ್ಕು ಧಾರೆಗಳ ಮುಂದೆ ಅರ್ಧ ಗಂಟೆ ನಿಂತು ತೆಗೆಸಿಕೊಂಡ ಭಾವಚಿತ್ರ. ತೀರ್ಥಹಳ್ಳಿಯ ಬಳಿಯ ಅಂಬುತೀರ್ಥದಲ್ಲಿ, ಸೀತೆಯ ಬಾಯಾರಿಕೆಗೆಂದು ರಾಮನು ಬಾಣವೂರಿ ಚಿಮ್ಮಿಸಿದನೆಂಬ ಸೆಲೆಯಲ್ಲಿ ಹುಟ್ಟಿ, ಹೊನ್ನಾವರದಲ್ಲಿ ಕಡಲು ಸೇರುವ ಈ ನದಿಯ ಉದ್ದ ಸುಮಾರು 128 ಕಿಲೋಮೀಟರು. ನದಿಗಳ ಲೆಕ್ಕದಲ್ಲಿ ಇದು ಮೋಟು ಹರಿವು. ಇಷ್ಟು ಗಿಡ್ಡ ಹೊಳೆ ಇಷ್ಟೊಂದು ಚರಿತ್ರೆಯನ್ನು ತನ್ನ ದಂಡೆಗಳಲ್ಲಿ ಹುದುಗಿಸಿಕೊಂಡಿರುವುದು ಸೋಜಿಗವೇ ಸರಿ. ಅದನ್ನು ತಿಳಿಯಬೇಕಾದರೆ ಹರಿವಿಗೆ ಎದುರಾಗಿ, ಕಡಲಿನಿಂದ ಘಟ್ಟಕ್ಕೆ, ಹಿಂದಿನ ಕಾಲದ ವರ್ತಕರು ಬಂದ ದಾರಿಯಲ್ಲೇ ಹೋಗುವುದು ಲೇಸು.

ಹೊನ್ನಾವರದಲ್ಲಿ ಶರಾವತಿ ನದಿಯೆನ್ನುವುದಕ್ಕಿಂತ ಕಡಲಿನ ತೋಳಿನಂತೆ ತೋರುತ್ತದೆ. ಕೊಂಕಣ ರೈಲು ಇಲ್ಲಿ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆಯ ಮೇಲೆ ಹೊಳೆಯನ್ನು ದಾಟುತ್ತದೆ. ಆ ಹಾದಿಯಲ್ಲಿ ಅದಕ್ಕಿಂತ ಉದ್ದನೆಯ ಸೇತುವೆ ಬೇರಿಲ್ಲ. ಕಿಟಕಿಯ ಪಕ್ಕದಲ್ಲಿ ಕುಳಿತವನಿಗೆ ಒಂದು ಕಡೆ ಅಳಿವೆಯ ಬೆಳ್ನೊರೆ, ಇನ್ನೊಂದು ಕಡೆ ತೆಂಗಿನ ತೋಟಗಳ ನಡುವೆ ಒಳಸರಿದು ಹೋಗುವ ಹಸಿರು ನೀರು, ಅದರಾಚೆ ನೀಲಿಯಾಗಿ ನಿಂತ ಘಟ್ಟದ ಸಾಲು. ದಂಡೆಯ ಕಾಂಡ್ಲಾಕಾಡು ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತನ್ನ ಬೇರುಗಳನ್ನೆಲ್ಲ ತೋರಿಸುತ್ತದೆ. ಈ ಸೀಮೆ ಯಕ್ಷಗಾನದ ತೌರೂ ಹೌದು. ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿಯ ಗಣಪತಿಯ ಹೆಸರಿನಲ್ಲಿ ಮೇಳ ಕಟ್ಟಿದುದು 1934ರಲ್ಲಿ, ಇದೇ ತಾಲ್ಲೂಕಿನಲ್ಲಿ.

ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಮೊರೊಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತ ಈ ಬಂದರಿಗೆ ಬಂದಿದ್ದನು. ಅವನು ಬರೆದಿಟ್ಟ ಸಂಗತಿಗಳಲ್ಲಿ ಒಂದು ಇಂದಿನ ಓದುಗರನ್ನೂ ಬೆರಗುಗೊಳಿಸುವಂಥದು: ಈ ಊರಿನಲ್ಲಿ ಹುಡುಗರಿಗೆ 23 ಶಾಲೆಗಳೂ ಹುಡುಗಿಯರಿಗೆ 13 ಶಾಲೆಗಳೂ ಇದ್ದುವಂತೆ. ಹುಡುಗಿಯರಿಗೆಂದೇ ಅಷ್ಟು ಶಾಲೆಗಳನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದು ಆ ಲೋಕಸಂಚಾರಿಯೇ ಅಚ್ಚರಿಪಟ್ಟಿದ್ದಾನೆ. ಬಂದರಿಗೆ ಬರುತ್ತಿದ್ದ ಹಡಗು ಸರಕನ್ನಷ್ಟೇ ತರುತ್ತಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹಡಗುಗಳನ್ನು ಇಲ್ಲಿಗೆ ಎಳೆತಂದುದು ಮಾತ್ರ ಕರಿಮೆಣಸು. ಘಟ್ಟದ ಕಾನುಗಳಲ್ಲಿ, ಅಡಕೆಯ ತೋಟಗಳಲ್ಲಿ, ಮರವನ್ನಪ್ಪಿ ಬೆಳೆಯುವ ಈ ಬಳ್ಳಿಯ ಕಾಳಿಗಾಗಿ ಅರಬರು ಬಂದರು. ಅವರ ಬೆನ್ನಿಗೆ ಪೋರ್ಚುಗೀಸರು ಬಂದರು. ಮೆಣಸು ಹೊತ್ತ ಎತ್ತುಗಳು ಘಟ್ಟವಿಳಿದು ನಿಲ್ಲುತ್ತಿದ್ದ ಜಾಗ ಗೇರುಸೊಪ್ಪೆ. ಅಲ್ಲಿಂದ ಮುಂದೆ ಹೊಳೆಯಲ್ಲಿ ದೋಣಿ ಸಾಗುತ್ತದೆ. ಅಲ್ಲಿಂದ ಹಿಂದೆ ಬರಿಯ ಬೆಟ್ಟ. ನೀರಿನ ದಾರಿಯೂ ನೆಲದ ದಾರಿಯೂ ಕೂಡುವ ಇಂಥ ಎಡೆಯಲ್ಲಿ ನಗರವೊಂದು ಹುಟ್ಟದಿದ್ದರೆ ಆಶ್ಚರ್ಯಪಡಬೇಕಾಗಿತ್ತು.

ಹೊನ್ನಾವರದಿಂದ ಸುಮಾರು 30 ಕಿಲೋಮೀಟರು ಮೇಲಕ್ಕಿರುವ ಗೇರುಸೊಪ್ಪೆಗೆ ಶಾಸನಗಳಲ್ಲಿ ನಗಿರೆ, ಕ್ಷೇಮಪುರ, ಭಲ್ಲಾತಕೀಪುರ ಎಂಬ ಹೆಸರುಗಳುಂಟು. ಕೊನೆಯ ಹೆಸರು ಸ್ವಾರಸ್ಯವಾದುದು. ಭಲ್ಲಾತಕವೆಂದರೆ ಸಂಸ್ಕೃತದಲ್ಲಿ ಗೇರು. ಗೇರು ಎಂದೊಡನೆ ಇಂದಿನವರ ಬಾಯಲ್ಲಿ ನೀರೂರುವುದು ಗೋಡಂಬಿಗಾಗಿ. ಆದರೆ ಗೋಡಂಬಿಯ ಮರ ಪೋರ್ಚುಗೀಸರ ಜೊತೆ ಹಡಗು ಹತ್ತಿ ಬಂದ ಪರದೇಶಿ. ಊರಿಗೆ ಹೆಸರು ಕೊಟ್ಟುದು ಅದಕ್ಕೆ ಮುಂಚಿನಿಂದಲೂ ಇಲ್ಲಿದ್ದ ಕಾಡುಗೇರು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ, ಮೈಗೆ ತಾಕಿದರೆ ಹುಣ್ಣಾಗುವ, ಕಪ್ಪುರಸದ ಕಾಯಿ. ಬಂದವನು ಮನೆಯವನ ಹೆಸರನ್ನೇ ಕಸಿದುಕೊಂಡ ಕಥೆಯಿದು.

ಈ ನಗಿರೆಯ ಸಿಂಹಾಸನದ ಮೇಲೆ ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಜೈನ ರಾಣಿ ಚೆನ್ನಭೈರಾದೇವಿ ಕುಳಿತಿದ್ದಳು. 1552ರಿಂದ 1606ರವರೆಗೆ, ಐವತ್ತು ವರ್ಷಗಳಿಗೂ ಮೀರಿ ಆಳಿದಳೆಂದು ಇತಿಹಾಸಕಾರರ ಎಣಿಕೆ. ಭಾರತದ ಇತಿಹಾಸದಲ್ಲಿ ಇಷ್ಟು ದೀರ್ಘಕಾಲ ರಾಜ್ಯವಾಳಿದ ಹೆಂಗಸರು ವಿರಳ. ಅವಳ ಹೆಸರು ಮಾತ್ರ ಶಾಲೆಯ ಪುಸ್ತಕಗಳಲ್ಲಿ ಕಿತ್ತೂರಿನ, ಕೆಳದಿಯ ಚೆನ್ನಮ್ಮಂದಿರ ಹೆಸರಿನ ಪಕ್ಕದಲ್ಲಿ ಬಹುಕಾಲ ಕಾಣಿಸಿಕೊಳ್ಳಲೇ ಇಲ್ಲ. ಪೋರ್ಚುಗೀಸರಿಗೆ ಅವಳು ಮೆಣಸಿನ ರಾಣಿ. ಮೆಣಸು ಬೇಕಾದಾಗ ಒಪ್ಪಂದ, ಒಪ್ಪಂದ ಮುರಿದಾಗ ತೋಪು. ಇದು ಅವರ ರೀತಿ. 1569ರಲ್ಲಿ ಅವರು ಹೊನ್ನಾವರದ ಕೋಟೆಯನ್ನು ಹಿಡಿದರು. ಬಂದರು ಕೈಬಿಟ್ಟ ಮೇಲೂ ಮೂರು ದಶಕಕ್ಕೂ ಹೆಚ್ಚು ಕಾಲ ಒಳನಾಡಿನ ರಾಜ್ಯವನ್ನು ಉಳಿಸಿಕೊಂಡುದರಲ್ಲಿ ಈ ರಾಣಿಯ ಗಟ್ಟಿತನ ಕಾಣುತ್ತದೆ. ಕುಮಟೆಯ ಹತ್ತಿರ ಅಘನಾಶಿನಿಯ ದಂಡೆಯಲ್ಲಿ ಹಸಿರು ಪಾಚಿ ಹೊದ್ದು ನಿಂತಿರುವ ಮಿರ್ಜಾನದ ಕೋಟೆಯೂ ಅವಳ ಹೆಸರಿಗೆ ಅಂಟಿಕೊಂಡಿದೆ.

ಅವಳನ್ನು ಸೋಲಿಸಿದವರು ಕಡಲಾಚೆಯವರಲ್ಲ. ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕನು ಬಿಳಗಿಯ ಅರಸರ ನೆರವಿನೊಡನೆ ಇಳಿದುಬಂದು ನಗಿರೆಯನ್ನು ಗೆದ್ದನು. ವೃದ್ಧೆಯಾಗಿದ್ದ ರಾಣಿ ಇಕ್ಕೇರಿಯ ಸೆರೆಯಲ್ಲಿ ಕಣ್ಮುಚ್ಚಿದಳೆಂದು ಹೇಳುತ್ತಾರೆ. ಕೆಳದಿಯ ಅರಸರು ಕನ್ನಡ ನಾಡಿನ ಹೆಮ್ಮೆಯ ಅರಸರು; ಅವರ ಶಿಸ್ತು, ಅವರ ಗುಡಿಗಳು, ಅವರ ಶೌರ್ಯ ಯಾವುದನ್ನೂ ಕಡೆಗಣಿಸಲಾಗದು. ಆದರೆ ಗೇರುಸೊಪ್ಪೆಯಲ್ಲಿ ನಿಂತವನಿಗೆ ಅವರ ಚರಿತ್ರೆಯ ಇನ್ನೊಂದು ಮಗ್ಗುಲು ಕಾಣದೆ ಹೋಗದು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಹೊರಟವನು ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದನು. ದಾರಿಯುದ್ದಕ್ಕೂ ಅವನು ಹೊಳೆಯ ಚೆಲುವಿಗೆ ಮಾರುಹೋದನು. ದಂಡೆಗಿಳಿದಾಗ ಕಂಡುದು ಹಾಳೂರು. ಅರಮನೆಯಿದ್ದೆಡೆಯಲ್ಲಿ ಮರಗಳು ಬೆಳೆದಿದ್ದುವು; ನಗರವಿದ್ದೆಡೆಯಲ್ಲಿ ಕೆಲವು ಗುಡಿಸಲುಗಳು ಉಳಿದಿದ್ದುವು. ರಾಣಿ ಸೋತು ಇನ್ನೂ ಎರಡು ದಶಕ ತುಂಬಿರಲಿಲ್ಲ! ಮಲೆನಾಡಿನ ಮಳೆಗೂ ಬಳ್ಳಿಗೂ ಒಂದು ಊರನ್ನು ನುಂಗಲು ಅಷ್ಟು ಸಮಯ ಸಾಕು. ವರ್ತಕರು ಹೊರಟುಹೋದ ಮೇಲೆ ಹೆಂಚು ಸರಿಪಡಿಸುವವರು ಯಾರು? ಒಂದು ಆಷಾಢದಲ್ಲಿ ಮಾಡು ಸೋರುತ್ತದೆ, ಮರು ಆಷಾಢದಲ್ಲಿ ಗೋಡೆ ಕುಸಿಯುತ್ತದೆ, ಮೂರನೆಯ ಮಳೆಗೆ ಗೋಡೆಯ ಬಿರುಕಿನಲ್ಲಿ ಅತ್ತಿಯ ಸಸಿ ಚಿಗುರುತ್ತದೆ.

ಕಾಡು ನುಂಗದೆ ಬಿಟ್ಟುದು ಕಲ್ಲನ್ನು. ನಗರಬಸ್ತಿಕೇರಿಯೆಂದು ಕರೆಯುವ ಹಳೆಯ ಪಟ್ಟಣದ ನೆಲೆಯಲ್ಲಿ ಚತುರ್ಮುಖ ಬಸದಿ ಇಂದಿಗೂ ನಿಂತಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಬಾಗಿಲಿನಿಂದ ಒಳಹೊಕ್ಕರೂ ಎದುರಿಗೆ ಧ್ಯಾನಸ್ಥನಾದ ಜಿನಮೂರ್ತಿ. 1586ರಲ್ಲಿ ಕಾರ್ಕಳದ ಬಂಡೆಯ ಮೇಲೆ ಎದ್ದ ಚತುರ್ಮುಖ ಬಸದಿಯನ್ನು ನೋಡಿದವರು ಇದರ ನಂಟನ್ನು ಕೂಡಲೇ ಗುರುತಿಸಬಲ್ಲರು. ಆದರೆ ಕಾರ್ಕಳದ ಬಸದಿ ಊರಿಗೆಲ್ಲ ಕಾಣುವಂತೆ ಬಯಲಲ್ಲಿ ನಿಂತಿದೆ; ಇದು ಕಾಡಿನ ಮರೆಯಲ್ಲಿ, ಹತ್ತು ಮಾರು ಹತ್ತಿರ ಬರುವವರೆಗೂ ಕಾಣದಂತೆ ನಿಂತಿದೆ. ಆಸುಪಾಸಿನಲ್ಲಿ ಪಾರ್ಶ್ವನಾಥ, ನೇಮಿನಾಥ, ವರ್ಧಮಾನ ತೀರ್ಥಂಕರರ ಬಸದಿಗಳ ಅವಶೇಷಗಳಿವೆ. ಅಲ್ಲಲ್ಲಿ ಶಾಸನದ ಕಲ್ಲುಗಳಿವೆ. ಪುರಾತತ್ವ ಇಲಾಖೆಯ ರಕ್ಷಣೆ ಚತುರ್ಮುಖನಿಗೆ ಒದಗಿದೆ. ಉಳಿದವಕ್ಕೆ ರಕ್ಷೆ ಎಂದರೆ ದಾರಿ ದೂರವೆಂಬುದೇ. ನಿಧಿಯಾಸೆಯವರಿಗೆ ದೂರವೊಂದು ತಡೆಯಲ್ಲ.

ಗೇರುಸೊಪ್ಪೆಯಿಂದ ಮಲೆಮನೆ ಘಟ್ಟ ಆರಂಭವಾಗುತ್ತದೆ. ಮೇ ತಿಂಗಳ ನಡುಹಗಲಿನಲ್ಲಿಯೂ ಇಲ್ಲಿ ರಸ್ತೆಯ ಮೇಲೆ ಬಿಸಿಲು ತೂತುತೂತಾಗಿ ಬೀಳುತ್ತದೆ. ಬಸ್ಸು ತಿರುವಿನಿಂದ ತಿರುವಿಗೆ ಏದುಸಿರು ಬಿಡುತ್ತ ಹತ್ತುವಾಗ ಎಡೆಯೊಂದರಲ್ಲಿ ಮರಗಳು ಸರಿದು ಶರಾವತಿಯ ಕೊಳ್ಳ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಮತ್ತೊಂದು. ಹಸಿರು ನೀಲಿಗೆ ತಿರುಗಿ, ನೀಲಿ ಮಂಜಿಗೆ ತಿರುಗಿ, ಮಂಜು ಆಕಾಶವಾಗುತ್ತದೆ. ಆಳದಲ್ಲಿ ನೀರಿನ ಒಂದು ತುಣುಕು ಹೊಳೆದು ಮರೆಯಾಗುತ್ತದೆ. ಇಂಥ ನೋಟದ ಮುಂದೆ ಪ್ರವಾಸಿಗರ ಮಾತು ತಾನಾಗಿಯೇ ತಗ್ಗುವುದುಂಟು.

ಈ ಹಸಿರೆಲ್ಲ ಒಂದೇ ಬಗೆಯದೆಂದು ತಿಳಿಯುವುದು ತಪ್ಪು. ಘಟ್ಟದ ಮೇಲೆ ಕತ್ತಲೆಕಾನು ಎಂಬ ಕಾಡಿದೆ. ಹೆಸರೇ ಅದರ ವರ್ಣನೆ. ಅದರೊಳಗೆ ಹಳ್ಳದ ಇಕ್ಕೆಲದ ಜೌಗಿನಲ್ಲಿ ಕಾಡುಜಾಯಿಕಾಯಿಯ ಜಾತಿಯ ರಾಮಪತ್ರೆಯ ಮರಗಳು ನಿಂತಿವೆ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಉಸಿರು ಸಾಲದೆ ಅವು ಬೇರುಗಳನ್ನು ಮಂಡಿಯಂತೆ ಮಡಿಸಿ ನೆಲದ ಮೇಲೆತ್ತಿ ಗಾಳಿ ಕುಡಿಯುತ್ತವೆ. ಹಳ್ಳಿಗರು ಜಡ್ಡಿ ಎನ್ನುವ ಇಂಥ ಜೌಗುಗಳಲ್ಲಿ ಬಹುಪಾಲು ಎಂದೋ ಅಡಕೆತೋಟಗಳೂ ಗದ್ದೆಗಳೂ ಆಗಿಹೋಗಿವೆ. ಉಳಿದ ಈ ತುಣುಕಿನಲ್ಲಿ, 2000ದಲ್ಲಿ, ಸಸ್ಯಶಾಸ್ತ್ರಜ್ಞರು ಲೋಕಕ್ಕೆ ಗೊತ್ತಿಲ್ಲದಿದ್ದ ಮರವೊಂದನ್ನು ಗುರುತಿಸಿ ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಭಲ್ಲಾತಕೀಪುರಕ್ಕೆ ಹೆಸರು ಕೊಟ್ಟ ಕಾಡುಗೇರೂ ಇದೇ ಸೆಮಿಕಾರ್ಪಸ್ ಕುಲದ್ದು. ಊರು ಹಾಳಾಗಿ ನಾಲ್ಕು ಶತಮಾನಗಳಾದ ಮೇಲೆ, ಅದರ ನೆತ್ತಿಯ ಮೇಲಿನ ಕಾಡಿನಲ್ಲಿ, ಆ ಹೆಸರಿನ ದಾಯಾದಿಯೊಂದು ಬೆಳಕಿಗೆ ಬಂದಿತು. ಬೆಳೆದು ನಿಂತ ಮರಗಳು ಬೆರಳೆಣಿಕೆಗೆ ಹತ್ತಿರ. ಇದೇ ಕಾನುಗಳ ತುದಿಗೊಂಬೆಗಳಲ್ಲಿ ಸಿಂಗಳೀಕಗಳು ಬಾಳುತ್ತವೆ. ನೆಲಕ್ಕಿಳಿಯುವುದನ್ನು ಬಯಸದ ಆ ಕಪ್ಪು ಕಪಿಗೆ ಮರದಿಂದ ಮರಕ್ಕೆ ಕೊಂಬೆ ಕೂಡಿಕೊಂಡಿರಬೇಕು. ನಡುವೆ ರಸ್ತೆ ಅಗಲವಾದರೂ ಅದರ ಲೋಕ ಎರಡು ಹೋಳಾಗುತ್ತದೆ. ಅದಕ್ಕಾಗಿಯೇ ಈ ಕೊಳ್ಳದ ಅಭಯಾರಣ್ಯವನ್ನು 2019ರಲ್ಲಿ ವಿಸ್ತರಿಸಿ ಸಿಂಗಳೀಕದ ಹೆಸರನ್ನಿಟ್ಟರು.

ಇನ್ನು ಜೋಗ. ಅದನ್ನು ವರ್ಣಿಸಿದ ಲೇಖನಗಳಿಗೆ ಬರವಿಲ್ಲವಾದುದರಿಂದ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 253 ಮೀಟರುಗಳ, ಹಳೆಯ ಲೆಕ್ಕದಲ್ಲಿ 830 ಅಡಿಗಳ ಆಳಕ್ಕೆ ರಾಜ ಗಂಭೀರನಾಗಿ ಒಂದೇ ನೆಗೆತದಲ್ಲಿ ಇಳಿಯುತ್ತಾನೆ. ರೋರರ್ ಅಬ್ಬರಿಸಿ ಅವನನ್ನು ಸೇರುತ್ತದೆ. ರಾಕೆಟ್ ಬಾಣಬಿರುಸಿನಂತೆ ಚಿಮ್ಮುತ್ತದೆ. ರಾಣಿ ಬಂಡೆಯ ಮೇಲೆ ನೊರೆಯ ಸೆರಗು ಹರಡಿ ಮೆಲ್ಲನೆ ಬರುತ್ತಾಳೆ. ಇವು ಬ್ರಿಟಿಷರ ಕಾಲದ ಹೆಸರುಗಳು. ಅಂದು ಈ ಹೊಳೆಯೇ ಗಡಿ: ಒಂದು ದಂಡೆ ಮೈಸೂರು ಸಂಸ್ಥಾನ, ಇನ್ನೊಂದು ದಂಡೆ ಬೊಂಬಾಯಿ ಪ್ರಾಂತ. ಎರಡು ಸರ್ಕಾರಗಳ ಎರಡು ಬಂಗಲೆಗಳು ಜಲಪಾತದ ಇಕ್ಕೆಲದಲ್ಲಿ ಎದುರುಬದುರಾಗಿ ಕುಳಿತಿದ್ದುವು. ಒಂದೇ ಭಾಷೆಯಾಡುವ ಜನ ಹೊಳೆಯ ಎರಡು ಕಡೆಯಿಂದ ಒಂದೇ ನೀರನ್ನು ನೋಡಿ ಬೇರೆ ಬೇರೆ ರಾಜ್ಯಗಳಿಗೆ ಹಿಂದಿರುಗುತ್ತಿದ್ದರು. 1956ರಲ್ಲಿ ಎರಡು ದಂಡೆಗಳೂ ಒಂದೇ ರಾಜ್ಯಕ್ಕೆ ಸೇರಿದುವು.

ಜೋಗದ ನೀರನ್ನು ಕಣ್ಣಿನ ಹಬ್ಬವಾಗಿ ಮಾತ್ರ ಬಿಡಲಾಗದೆಂಬ ಯೋಚನೆ ಮೈಸೂರಿನ ಎಂಜಿನಿಯರರಲ್ಲಿ ಬಹುಕಾಲದಿಂದ ಬೇರೂರಿತ್ತು. 1939ರಲ್ಲಿ ಕೆಲಸ ಆರಂಭವಾಯಿತು. ಎರಡನೆಯ ಮಹಾಯುದ್ಧದ ಅಡಚಣೆಗಳನ್ನೆಲ್ಲ ದಾಟಿ 1948ರಲ್ಲಿ ವಿದ್ಯುತ್ತು ಹರಿಯತೊಡಗಿತು. ಕೃಷ್ಣರಾಜೇಂದ್ರ ಒಡೆಯರ ಹೆಸರಿನಲ್ಲಿ ಮೊದಲಾದ ಯೋಜನೆ ಕೊನೆಗೆ ಮಹಾತ್ಮಾ ಗಾಂಧಿಯವರ ಹೆಸರನ್ನು ಪಡೆಯಿತು. 120 ಮೆಗಾವ್ಯಾಟು ಅಂದಿಗೆ ದೊಡ್ಡ ಮಾತು. ಬೆಳೆಯುವ ನಾಡಿಗೆ ಅದು ಸಾಲದಾಯಿತು. ಜೋಗಕ್ಕಿಂತ ಮೇಲೆ ಲಿಂಗನಮಕ್ಕಿಯಲ್ಲಿ ಎರಡು ಕಿಲೋಮೀಟರಿಗೂ ಉದ್ದವಾದ ಅಣೆಕಟ್ಟು ಎದ್ದಿತು. ಅಲ್ಲಿಂದ ನೀರು ತಳಕಳಲೆಯ ಜಲಾಶಯಕ್ಕೆ ತಿರುಗಿ, ಜೋಗದ ಬಂಡೆಯನ್ನು ಮುಟ್ಟದೆಯೇ ದೈತ್ಯ ಕೊಳವೆಗಳಲ್ಲಿ ಘಟ್ಟದ ಬುಡಕ್ಕಿಳಿದು ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. 1,035 ಮೆಗಾವ್ಯಾಟಿನ ಈ ಆಗಾರ ಬಹುಕಾಲ ಕರ್ನಾಟಕದ ವಿದ್ಯುತ್ತಿನ ಬೆನ್ನೆಲುಬಾಗಿತ್ತು. ಬೆಂಗಳೂರಿನ ಕಾರ್ಖಾನೆಗಳ ಸಿಳ್ಳಿನಲ್ಲಿ, ಮಧ್ಯಮ ವರ್ಗದ ಮನೆಗಳ ಮಿಕ್ಸಿಯ ಸದ್ದಿನಲ್ಲಿ, ಪರೀಕ್ಷೆಗೆ ಓದುವ ಹುಡುಗನ ಮೇಜಿನ ದೀಪದಲ್ಲಿ ಶರಾವತಿಯ ಪಾಲಿತ್ತು. ಆ ಕಾರಣದಿಂದಲೇ ಮಳೆಗಾಲ ಕಳೆದ ಮೇಲೆ ಜೋಗಕ್ಕೆ ಹೋದವರು ಕಪ್ಪು ಬಂಡೆಯ ಮೇಲೆ ನಾಲ್ಕು ಬೆಳ್ಳಿಯ ಎಳೆಗಳನ್ನು ಕಂಡು ನಿರಾಶರಾಗಿ ಮರಳುತ್ತಾರೆ. ಮನೆಯಲ್ಲಿ ದೀಪ ಹಚ್ಚಿ ಹೊರಟವರು ಜಲಪಾತ ಬತ್ತಿತೆಂದು ದೂರುವುದು ಅಷ್ಟೇನೂ ನ್ಯಾಯವಲ್ಲ.

ಈ ಕೊಳ್ಳದ ಸಿರಿ ಎಂದೂ ಈ ಕೊಳ್ಳದಲ್ಲಿ ನಿಂತುದಿಲ್ಲ. ಅಂದು ಮೆಣಸು ಲಿಸ್ಬನ್ನಿಗೆ ಹೋಯಿತು. ಇಂದು ವಿದ್ಯುತ್ತು ಬೆಂಗಳೂರಿಗೆ ಹೋಗುತ್ತದೆ. ನೀರನ್ನೂ ಕೊಂಡೊಯ್ಯುವ ಮಾತು 2019ರಲ್ಲಿ ಎದ್ದಾಗ ಮಲೆನಾಡಿನ ಊರುಗಳು ಬಂದ್ ಆಚರಿಸಿ ಪ್ರತಿಭಟಿಸಿದುವು; ಮಾತು ಹಿಂದೆ ಸರಿಯಿತು. ನಾಡು ಬೆಳೆಯಬೇಕಾದರೆ ಒಂದೆಡೆಯ ಸಂಪತ್ತು ಇನ್ನೊಂದೆಡೆಗೆ ಹರಿಯಲೇಬೇಕೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಕೊಟ್ಟವನಿಗೆ ಏನು ಉಳಿಯಿತೆಂದು ಲೆಕ್ಕ ನೋಡುವುದು ಮಾತ್ರ ಬಹುಕಾಲ ಯಾರಿಗೂ ನೆನಪಾಗಲಿಲ್ಲ.

ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಕ್ಕಿಂತ 1,819 ಅಡಿ ಎತ್ತರ. ಆ ಗೆರೆಯ ಕೆಳಗಿದ್ದುದೆಲ್ಲ, ಮುನ್ನೂರು ಚದರ ಕಿಲೋಮೀಟರಿಗೂ ಮಿಕ್ಕ ನೆಲ, ನೀರಿಗಾಯಿತು. ಅಡಕೆಯ ತೋಟ, ಬತ್ತದ ಗದ್ದೆ, ಸೊಪ್ಪಿನ ಬೆಟ್ಟ, ದೇವರ ಬನ, ಸುಡುಗಾಡು, ಎಲ್ಲವೂ. ಮಲೆನಾಡಿನ ಒಂದು ತೋಟ ಫಲಕ್ಕೆ ಬರಲು ಹಲವಾರು ವರ್ಷ ಬೇಕು. ಅದನ್ನು ಅಜ್ಜ ನೆಟ್ಟಿರುತ್ತಾನೆ, ಮೊಮ್ಮಗ ಕೊನೆ ಕೊಯ್ಯುತ್ತಾನೆ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಭೂಮಿಯ ಹಕ್ಕಿಗಾಗಿ ಸತ್ಯಾಗ್ರಹ ಹೂಡಿದ್ದರು; ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ನೆಲವೆಂಬ ಮಾತು ಕಾನೂನಾಗಿ ಕೈಗೆ ಬರುವ ಮುನ್ನವೇ, ತಾಲ್ಲೂಕಿನ ಇನ್ನೊಂದು ಭಾಗದಲ್ಲಿ, ಉಳುವ ನೆಲವೇ ಇಲ್ಲವಾಯಿತು.

ಮನೆಯ ತೊಲೆ, ಬಾಗಿಲು, ಹೆಂಚುಗಳನ್ನು ಬಿಚ್ಚಿ ಗಾಡಿಗೇರಿಸಿಕೊಂಡು ಹೊರಟ ಸಂಸಾರಗಳು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳಲ್ಲಿ ಹೊಸದಾಗಿ ನೆಲ ಹದಗೊಳಿಸಬೇಕಾಯಿತು. ಅವರಿಗೆ ಕೊಟ್ಟ ನೆಲದಲ್ಲಿ ಬಹಳಷ್ಟು ಕಾಗದಪತ್ರಗಳಲ್ಲಿ ಅರಣ್ಯವೆಂದೇ ಉಳಿಯಿತು. ಆರು ದಶಕಗಳಾದ ಮೇಲೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುವ ಮೂರನೆಯ ತಲೆಮಾರು ಅಲ್ಲಿದೆ. ಮುಳುಗಡೆ ಎಂಬ ಮಾತು ಈ ಸೀಮೆಯಲ್ಲಿ ಒಂದು ಘಟನೆಯ ಹೆಸರಾಗಿ ಉಳಿಯದೆ ಒಂದು ಕಾಲದ, ಒಂದು ಜನದ ಹೆಸರಾಯಿತು. ಮದುವೆಯ ಮಾತುಕತೆಯಲ್ಲಿಯೂ ಮುಳುಗಡೆಯವರು ಎಂದರೆ ಗುರುತು ಸಿಕ್ಕಿಬಿಡುತ್ತದೆ.

ಈ ನೋವು ಕನ್ನಡ ಸಾಹಿತ್ಯಕ್ಕೆ ಬಂದುದು ಅದನ್ನು ಹತ್ತಿರದಿಂದ ಕಂಡವರಿಂದ. ಸಾಗರದ ನಾ. ಡಿಸೋಜ ಶರಾವತಿ ಯೋಜನೆಯಲ್ಲಿಯೇ ನೌಕರರಾಗಿದ್ದವರು. ಅಣೆಕಟ್ಟು ಕಟ್ಟುವವರ ಕಡೆ ಸಂಬಳ, ಮುಳುಗುವವರ ಕಡೆ ಮನಸ್ಸು. ಆ ಇಕ್ಕಟ್ಟಿನಿಂದ ‘ಮುಳುಗಡೆ’, ‘ದ್ವೀಪ’ ಮೊದಲಾದ ಕಾದಂಬರಿಗಳು ಹುಟ್ಟಿದುವು. ಗಿರೀಶ ಕಾಸರವಳ್ಳಿಯವರು ‘ದ್ವೀಪ’ವನ್ನು ಚಲನಚಿತ್ರವಾಗಿಸಿ ರಾಷ್ಟ್ರಪ್ರಶಸ್ತಿ ಪಡೆದರು. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಡಾ. ಗಜಾನನ ಶರ್ಮರು ‘ಪುನರ್ವಸು’ವಿನಲ್ಲಿ ಮುಳುಗಡೆಯ ಕಥೆಯನ್ನೂ ‘ಚೆನ್ನಭೈರಾದೇವಿ’ಯಲ್ಲಿ ಮೆಣಸಿನ ರಾಣಿಯ ಕಥೆಯನ್ನೂ ಬರೆದಿದ್ದಾರೆ. ಕೊಳ್ಳದ ಎರಡು ನಷ್ಟಗಳು ಒಬ್ಬನೇ ಲೇಖಕನನ್ನು ಕಾಡಿರುವುದು ಆಕಸ್ಮಿಕವಿರಲಾರದು.

ಊರು ಬಿಡದೆ ಉಳಿದವರ ಪಾಡು ಬೇರೆ. ಕರೂರು, ಬಾರಂಗಿ ಹೋಬಳಿಗಳ ಹಳ್ಳಿಗಳು ಹಿನ್ನೀರಿನಾಚೆ ಸಿಕ್ಕಿಕೊಂಡುವು. ಹತ್ತಿರದ ಪಟ್ಟಣ ಸಾಗರ. ನಡುವೆ ಕಡಲಿನಂಥ ನೀರು. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವುದು ಅವರ ದಿನಚರಿಯ ಭಾಗವಾಯಿತು. ಸಂಜೆ ಕೊನೆಯ ಲಾಂಚು ಹೋದ ಮೇಲೆ ಹೆರಿಗೆಯ ನೋವು ಬಂದರೂ ಹಾವು ಕಚ್ಚಿದರೂ ಬೆಳಗಾಗಬೇಕು, ಇಲ್ಲವೇ ಕಾಡಿನ ದೂರದ ದಾರಿ ಹಿಡಿಯಬೇಕು. ಅವರ ಗದ್ದೆಯನ್ನು ನುಂಗಿ ಹುಟ್ಟಿದ ವಿದ್ಯುತ್ತು ಅವರ ಮನೆಗಳಿಗೆ ಬರಲು ವರ್ಷಗಟ್ಟಲೆ ಹಿಡಿಯಿತು. ಇಷ್ಟಾದರೂ ಆ ಜನ ಬತ್ತಿಹೋಗಲಿಲ್ಲ. ತುಮರಿಯಂಥ ಮೂಲೆಯ ಹಳ್ಳಿಯಲ್ಲಿ ‘ಕಿನ್ನರ ಮೇಳ’ವೆಂಬ ನಾಟಕ ತಂಡ ಬೆಳೆದು ನಾಡೆಲ್ಲ ಸುತ್ತಿತು. ಸಿಗಂದೂರಿನ ಚೌಡೇಶ್ವರಿಯ ಕೀರ್ತಿ ಹಬ್ಬಿತು. ಈ ತೋಟಕ್ಕೆ ದೇವಿಯ ಕಾವಲಿದೆ ಎಂಬ ಫಲಕವನ್ನು ಇಂದು ದೂರದ ಜಿಲ್ಲೆಗಳ ಬೇಲಿಗಳ ಮೇಲೂ ಕಾಣಬಹುದು. ಕಳ್ಳರಿಗೆ ಪೊಲೀಸರಿಗಿಂತ ಆ ಫಲಕದ ಅಂಜಿಕೆ ಹೆಚ್ಚೆಂದು ರೈತರ ನಂಬಿಕೆ.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಉದ್ದದ ತೂಗುಹಗ್ಗಗಳ ಸೇತುವೆ ಸಂಚಾರಕ್ಕೆ ತೆರೆಯಿತು. ಅರವತ್ತು ವರ್ಷಗಳ ಬೇಡಿಕೆ ಅದು. ಯಾತ್ರಿಕರಿಗೆ ಅದು ಹೊಸ ನೋಟ. ದ್ವೀಪದ ಹೆಂಗಸರಿಗೆ ಅದು ರಾತ್ರಿ ತೆರೆದಿರುವ ಆಸ್ಪತ್ರೆಯ ದಾರಿ.

ಕೊಳ್ಳದ ಕಥೆ ಇಲ್ಲಿಗೆ ಮುಗಿಯದು. ಘಟ್ಟದ ಮೇಲಿನ ತಳಕಳಲೆಗೂ ಕೆಳಗಿನ ಗೇರುಸೊಪ್ಪೆಯ ಜಲಾಶಯಕ್ಕೂ ನಡುವೆ ಸುರಂಗ ಕೊರೆದು, ವಿದ್ಯುತ್ತು ಮಿಗುವ ಹೊತ್ತಿನಲ್ಲಿ ನೀರನ್ನು ಮೇಲಕ್ಕೇರಿಸಿ, ಬೇಕಾದ ಹೊತ್ತಿನಲ್ಲಿ ಕೆಳಗಿಳಿಸಿ 2,000 ಮೆಗಾವ್ಯಾಟು ಉತ್ಪಾದಿಸುವ ಯೋಜನೆಯೊಂದು ಸಿದ್ಧವಾಗಿದೆ. ಬಿಸಿಲು ಗಾಳಿಗಳ ವಿದ್ಯುತ್ತನ್ನು ಕೂಡಿಡಲು ಇದೇ ತಕ್ಕ ಉಪಾಯವೆಂದು ಯೋಜಕರ ವಾದ. ಏರಿಸಲು ಬೇಕಾಗುವ ವಿದ್ಯುತ್ತು ಇಳಿಸಿದಾಗ ದೊರಕುವುದಕ್ಕಿಂತ ಹೆಚ್ಚೆಂದೂ, ಸುರಂಗವೂ ರಸ್ತೆಯೂ ಹಾಯುವುದು ಸಿಂಗಳೀಕದ ಕಾಡಿನ ಎದೆಯಲ್ಲೆಂದೂ, ಘಟ್ಟದ ಮಣ್ಣು ಕುಸಿತಕ್ಕೆ ಒಡ್ಡಿಕೊಂಡಿದೆಯೆಂದೂ ಪರಿಸರವಾದಿಗಳ, ಊರವರ ಆಕ್ಷೇಪ. 2025ರುದ್ದಕ್ಕೂ ಈ ವಿವಾದ ನಡೆದೇ ಇತ್ತು. ಹಿರೇಭಾಸ್ಕರದ ಸೈಫನ್ನುಗಳೂ ತಮ್ಮ ಕಾಲಕ್ಕೆ ಪರಮ ಜಾಣ್ಮೆಯ ಕೆಲಸವಾಗಿದ್ದುವು; ಅವುಗಳ ಆಯುಸ್ಸು ಹದಿನಾರು ವರ್ಷ. ಕತ್ತಲೆಕಾನಿನ ಜಡ್ಡಿಗೆ ಎಷ್ಟು ಸಾವಿರ ವರ್ಷಗಳೆಂದು ಎಣಿಸಿದವರಿಲ್ಲ. ನಿರ್ಧರಿಸಬೇಕಾದವರು ಈ ಎರಡನ್ನೂ ಒಮ್ಮೆ ಕಣ್ಣಾರೆ ನೋಡಿ ಬಂದರೆ ಒಳ್ಳೆಯದು.

ನೋಡಹೋಗುವ ಓದುಗರಿಗೆ ಎರಡು ಮಾತು. ಜೋಗದ ತುಂಬು ವೈಭವಕ್ಕೆ ಆಷಾಢ, ಶ್ರಾವಣಗಳೇ ಸರಿ. ಆದರೆ ಆಗ ಮಂಜು ಕವಿದು ಗಂಟೆಗಟ್ಟಲೆ ಕಾಯಬೇಕಾದೀತು. ಕೊಳ್ಳದ ಹಸಿರಿಗೂ ಬಸದಿಯ ಸುತ್ತ ನಡೆಯುವುದಕ್ಕೂ ಮಳೆ ನಿಂತ ಕಾರ್ತಿಕ, ಮಾರ್ಗಶಿರಗಳು ಹಿತ. ಸಾಗರದಲ್ಲಿ ಇಳಿದುಕೊಳ್ಳುವವರು ಇಕ್ಕೇರಿಯ ಅಘೋರೇಶ್ವರನನ್ನು ಬಿಡಬಾರದು. ಗುಡಿಯ ನೆಲಗಲ್ಲಿನಲ್ಲಿ ಕೆಳದಿಯ ಅರಸರು ಅಡ್ಡಬಿದ್ದು ನಮಸ್ಕರಿಸುವಂತೆ ಕೆತ್ತಿದ ಚಿತ್ರಗಳಿವೆ. ಗೇರುಸೊಪ್ಪೆಯ ರಾಣಿ ತನ್ನ ಕೊನೆಯ ದಿನಗಳನ್ನು ಕಳೆದುದು ಆ ಊರಿನಲ್ಲಿಯೇ. ಅಲ್ಲಿಂದ ಜೋಗ, ಜೋಗದಿಂದ ಮಲೆಮನೆ ಘಟ್ಟವಿಳಿದು ಚತುರ್ಮುಖ ಬಸದಿ, ಸಂಜೆಗೆ ಹೊನ್ನಾವರದ ಅಳಿವೆ. ಬಸದಿಯ ದಾರಿಯನ್ನು ಗೇರುಸೊಪ್ಪೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕುಡಿಯುವ ನೀರನ್ನು ಜೊತೆಗೆ ಒಯ್ಯಬೇಕು, ಅಲ್ಲಿ ಅಂಗಡಿಗಳಿಲ್ಲ.